ತುರೋರಿ ಕಾಕಾರ ಕೆಂಪು ಬೀಗ

ಸಂಜೆ ಕೆಲಸ ಮುಗಿದ ಮೇಲೆ ನಾನು ವಾಕಿಟಾಕಿಯಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತೇನೆ. ಆ ದಿನ ಪವನಚಕ್ಕಿ, ಅಂದರೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರದ ಕಂಬ, ಹತ್ತಿದವರೆಲ್ಲ ತಮ್ಮ ತಮ್ಮ ದನಿಯಲ್ಲೇ ‘ಓ’ ಅನ್ನಬೇಕು. ಪಕ್ಕದವನು ‘ಅಂವಾ ಇಲ್ಲೇ ಅದಾನ’ ಅಂದರೆ ನಡೆಯುವುದಿಲ್ಲ. ಎಲ್ಲರೂ ಓಗೊಟ್ಟ ಮೇಲೆಯೇ ಜೀಪು ಮಾಳದಿಂದ ಇಳಿಯುವುದು. ಬೇರೆ ಕಡೆ ಕೆಲಸ ಮಾಡಿ ಬಂದವರು ಇದನ್ನು ಕೇಳಿ ಮೊದಲ ವಾರ ನಗುತ್ತಾರೆ. ಆಮೇಲೆ ನಗುವುದಿಲ್ಲ.

ಈ ಪದ್ಧತಿ ಹಾಕಿಕೊಟ್ಟವರು ತುರೋರಿ ಎಂಬ ಹಳ್ಳಿಯ ಒಬ್ಬ ಹಿರಿಯರು, ನಮ್ಮೆಲ್ಲರ ಕಾಕಾ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಬದುಕಿದ್ದಷ್ಟು ದಿನ ಆ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಈಗ ಕೈಗೂ ಬರುತ್ತಿಲ್ಲ.

ಮಹಾರಾಷ್ಟ್ರದ ಗಡಿಯಲ್ಲಿ ಉಮರ್ಗಾದಿಂದ ನಿಲಂಗಾದ ಕಡೆ ಹೋಗುವಾಗ ಸೋಯಾ, ತೊಗರಿಯ ಹೊಲಗಳು ಮುಗಿದು ಒಂದು ಕಲ್ಲುಮಾಳ ಶುರುವಾಗುತ್ತದೆ. ಅದರ ಮೇಲೆ ನಮ್ಮ ಪವನಚಕ್ಕಿಗಳಿವೆ. ನನ್ನ ಕೆಲಸ ಅಲ್ಲಿನ ಕಂಟ್ರೋಲ್ ರೂಮಿನಲ್ಲಿ. ತಗಡಿನ ಡಬ್ಬಿಯಂಥ ಕೋಣೆ, ಎರಡು ಪರದೆ, ಒಂದು ಕುರ್ಚಿ, ಒಂದು ವಾಕಿ. ಹುಡುಗರೆಲ್ಲ ಮೇಲೆ ಹತ್ತಿದರೆಂದರೆ ದಿನವಿಡೀ ಅಲ್ಲಿ ನಾನೊಬ್ಬಳೇ. ನನ್ನ ಊರು ಉದಗೀರ. ಅಪ್ಪನದು ಮಾರ್ಕೆಟಿನಲ್ಲಿ ಕಾಳಿನ ಅಡತಿ ಅಂಗಡಿ. ಚೀಲ ಎಣಿಸುವವರ ಮನೆಯಲ್ಲಿ ಹುಟ್ಟಿದ್ದಕ್ಕೋ ಏನೋ, ನನಗೂ ಎಣಿಸುವ ಚಟ. ಗಾಳಿ ಎಷ್ಟಿತ್ತು, ಯಾವ ಯಂತ್ರ ಎಷ್ಟು ಹೊತ್ತು ನಿಂತಿತ್ತು, ಮೇಲೆ ಹೋದವರೆಷ್ಟು, ಇಳಿದವರೆಷ್ಟು, ಎಲ್ಲವನ್ನೂ ತಾರೀಖು ಹಾಕಿ ಡೈರಿಯಲ್ಲಿ ಗೆರೆ ಎಳೆದು ಎಣಿಸಿಡುತ್ತಿದ್ದೆ.

ಕಾಕಾ ನಮ್ಮಲ್ಲಿಗೆ ಬಂದದ್ದು ಸಮುದ್ರದಿಂದ. ಬಡಗಣ ದೇಶಗಳ ಚಳಿಯ ಸಮುದ್ರದಲ್ಲಿ ನೀರೊಳಗೇ ಕಂಬ ನೆಟ್ಟು ಪವನಚಕ್ಕಿ ನಿಲ್ಲಿಸಿದ್ದಾರಲ್ಲ, ಅವುಗಳ ದುರಸ್ತಿಗೆ ಅವರು ಬಹಳ ವರ್ಷ ಹೋಗಿದ್ದರು. ಮೂರು ತಿಂಗಳು ಅಲ್ಲಿ, ಒಂದು ತಿಂಗಳು ತುರೋರಿಯಲ್ಲಿ. ಕಡೆಗೆ ಅಲ್ಲಿನ ಡಾಕ್ಟರು ಮೊಣಕಾಲು ನೋಡಿ, ಇನ್ನು ಬೋಟಿನಿಂದ ಜಿಗಿಯುವುದು ಸಾಕು ಎಂದರಂತೆ. ಊರಿಗೆ ಬಂದರು. ನಮ್ಮ ಕಂಪನಿಯವರು ಅವರನ್ನು ಮೇಲ್ವಿಚಾರಕರೆಂದು ತೆಗೆದುಕೊಂಡರು. ಊರಲ್ಲಿ ಅವರಿಗೆ ‘ದರ್ಯಾವಾಲೆ’ ಎಂದು ಹೆಸರು ಬಿದ್ದಿತ್ತು, ಸಮುದ್ರದವರು ಅಂತ. ಅಲ್ಲಿ ಅವರು ಇಂಡಿಯಾದವರಾಗಿದ್ದರು. ಇಲ್ಲಿ ಬಂದು ಸಮುದ್ರದವರಾದರು.

ನಿಂತರೆ ಕಾಲು ಅಗಲಿಸಿ ನಿಲ್ಲುತ್ತಿದ್ದರು, ನೆಲ ಯಾವ ಹೊತ್ತಿಗೆ ಅಲುಗಾಡುವುದೋ ಎಂಬಂತೆ. ಯಾವ ಬಾಗಿಲ ಹತ್ತಿರ ಬಂದರೂ ಒಳಗೆ ಕಾಲಿಡುವ ಮೊದಲು “ನಾ ಬಂದೀನಿ” ಎನ್ನುತ್ತಿದ್ದರು. ಒಳಗಿನವರು ಏನಾದರೂ ಅನ್ನುವ ತನಕ ಹೊಸ್ತಿಲಾಚೆಯೇ ನಿಲ್ಲುತ್ತಿದ್ದರು. ನಾನು ಪರದೆ ನೋಡುತ್ತಾ ಸುಮ್ಮನಿದ್ದರೆ ಮತ್ತೆ “ನಾ ಬಂದೀನಿ ಯವ್ವಾ” ಎನ್ನುತ್ತಿದ್ದರು. ಬಿಸಿಲಾಗಲಿ ಮಳೆಯಾಗಲಿ, ಬನ್ನಿ ಎನ್ನದೆ ಬರುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ನನ್ನ ಕೋಣೆಗೆ ಬರುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಸಮುದ್ರಕ್ಕೂ ಅದನ್ನೇ ಒಯ್ಯುತ್ತಿದ್ದರಂತೆ. ಮಾತು ಕಡಿಮೆ. ಅವರಾಗಿಯೇ ಸಮುದ್ರದ ಮಾತು ತೆಗೆದದ್ದು ಎರಡು ವರ್ಷದಲ್ಲಿ ಏಳು ಸಲ, ಡೈರಿಯಲ್ಲಿದೆ. ಒಂದು ಸಲ ನಾನೇ ಕೇಳಿದೆ, ನೀರೊಳಗಿನ ಕಂಬ ಹತ್ತುವುದು ಬಹಳ ಕಷ್ಟವೇ ಎಂದು.

“ಕಂಬಾ ಹತ್ತೂದೇನ ಬಿಡು, ಇಲ್ಲೂ ಅದೇ ಅದ. ಬೋಟಿನಿಂದ ಕಂಬದ ಮ್ಯಾಲ ಕಾಲಿಡೂದೇ ಖರೇ ಕೆಲಸ. ಬೋಟ ತನ್ನ ಮೂಗು ಕಂಬಕ್ಕ ಒತ್ತಿ ನಿಲ್ತದ. ತೆರಿ ಬಂದ್ರ ಮ್ಯಾಲ ಹೋಗ್ತದ, ತೆರಿ ಹೋದ್ರ ಕೆಳಗ ಇಳೀತದ. ಯಾವಾಗ ಕಾಲ ಎತ್ತಬೇಕು ಅಂಬೂದು ತಿಳೀಬೇಕು.”

“ಅಂಜಿಕಿ ಆಗ್ತಿರ್ಲಿಲ್ಲೇನ್ರಿ?”

“ಯಾಕ ಅಂಜಬೇಕು? ತುರೋರಿ ಸ್ಟಾಪಿನ್ಯಾಗ ಬಸ್ ಯಾವಾಗರೇ ಪೂರಾ ನಿಂತದೇನು? ಬರೇ ಸಾವಕಾಶ ಮಾಡ್ತದ, ನಾವು ಜಿಗೀತೀವಿ. ಅಲ್ಲಿಯವ್ರು ಎರಡ ವಾರ ಟ್ರೇನಿಂಗ್ ಕೊಟ್ರು. ನಾ ಹತ್ತ ವರ್ಷದಾಂವಿದ್ದಾಗೇ ಪಾಸಾಗಿದ್ದೆ.”

ನಗು ಬಂದರೂ ಅವರು ಹಲ್ಲು ತೋರಿಸುತ್ತಿರಲಿಲ್ಲ. ರೊಟ್ಟಿ ಮುರಿಯುವ ಕೈ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಅಷ್ಟೆ. ಸಮುದ್ರ ಹೇಗಿರುತ್ತದೆ ಎಂದು ಕೇಳಿದೆ. ಕಿಟಕಿಯಾಚೆ ಕೈ ತೋರಿಸಿದರು.

“ಈ ನಮ್ಮ ಮಾಳ ಇಲ್ಲೇನು, ಹಿಂಗೇ. ಗಿಡ ಇಲ್ಲ, ನೆಳ್ಳ ಇಲ್ಲ. ಕರದ್ರ ಯಾರೂ ಓ ಅನ್ನಂಗಿಲ್ಲ.”

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಕೀಲಿಕೈ ಇರುತ್ತಿದ್ದವು, ಒಂದು ಸಣ್ಣದು, ಒಂದು ದೊಡ್ಡದು. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ, ಅದನ್ನು ತೆರೆಯುವುದು ಕೀಲಿಕೈ. ನಮ್ಮ ಕೆಲಸದಲ್ಲಿ ಪ್ರತಿಯೊಬ್ಬರಿಗೂ ಸ್ವಂತದ ಒಂದು ಕೆಂಪು ಬೀಗವಿರುತ್ತದೆ, ಮೇಲೆ ಅವರವರ ಹೆಸರು. ಪವನಚಕ್ಕಿ ಹತ್ತುವ ಮೊದಲು ಬುಡದಲ್ಲಿರುವ ಸ್ವಿಚ್ಚು ಬಂದ್ ಮಾಡಿ ಅದಕ್ಕೆ ಆ ಬೀಗ ಹಾಕಬೇಕು. ಬೀಗ ಅಲ್ಲಿ ಇರುವವರೆಗೆ ಆ ಯಂತ್ರವನ್ನು ಯಾರೂ ಚಾಲೂ ಮಾಡುವಂತಿಲ್ಲ. ಹಾಕಿದವನೇ ತೆಗೆಯಬೇಕು, ಬೇರೆಯವರು ಮುಟ್ಟಬಾರದು. ಬೀಗ ಇದೆ ಎಂದರೆ ಮೇಲೆ ಮನುಷ್ಯ ಇದ್ದಾನೆ ಎಂದರ್ಥ.

ಎರಡು ಕೀಲಿಕೈಗಳ ಕತೆ ನನಗೆ ಗೊತ್ತಾದದ್ದು ನಾಗರಪಂಚಮಿಯ ಮರುದಿನ, ಅವರ ಮನೆಗೆ ಉಂಡಿ ತಿನ್ನಲು ಹೋದಾಗ. ಮಕ್ಕಳಿಲ್ಲದ ಮನೆ. ಅವರು, ನಾವು ಕಾಕು ಎನ್ನುವ ಅವರ ಹೆಂಡತಿ, ಹಿತ್ತಿಲಲ್ಲಿ ಒಂದು ಎಮ್ಮೆ. ಅಂದು ಕಾಕಾ, ನಾನು ಕೂಡಿಯೇ ಹೋದೆವು. ಅವರು ಬಾಗಿಲಲ್ಲಿ ನಿಂತು “ನಾ ಬಂದೀನಿ” ಅಂದರು.

“ಬಂದದ್ದು ಕಾಣ್ತದ. ಬರ್ರಿ ಒಳಗ, ಆ ಹುಡುಗೀನೂ ಬಿಸಲಾಗ ನಿಂದರಸ್ಯಾರ ನೋಡು” ಎಂದರು ಕಾಕು ಒಳಗಿನಿಂದ.

ಉಂಡಿ ಕೊಡುತ್ತಾ ಕಾಕುವೇ ಕತೆ ತೆಗೆದರು. ಒಂದು ಸಲ ಇವರು ರಜೆಯ ಗಡಿಬಿಡಿಯಲ್ಲಿ ಸಮುದ್ರದ ಯಂತ್ರಕ್ಕೆ ಹಾಕಿದ ಬೀಗ ಅಲ್ಲೇ ಬಿಟ್ಟು, ಕೀಲಿಕೈ ಜೇಬಿನಲ್ಲಿಟ್ಟುಕೊಂಡು ತುರೋರಿಗೆ ಬಂದುಬಿಟ್ಟರು. ಅಲ್ಲಿ ಯಂತ್ರ ನಿಂತಿದೆ, ಬೀಗ ನೇತಾಡುತ್ತಿದೆ. ಕತ್ತರಿಸಬೇಕಾದರೆ ಎರಡು ನಿಯಮ. ಮೊದಲು ಮೇಲೆ ಹತ್ತಿ ಬೀಗದವನ ಪೂರಾ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಆಮೇಲೆ ಅವನ ಮನೆಗೆ ಫೋನ್ ಮಾಡಬೇಕು. ಮನೆಯವರು ಹೆಸರು ಹೇಳಿ, ಈ ಹೆಸರಿನವನು ಇಲ್ಲಿದ್ದಾನೆ ಎನ್ನಬೇಕು. ಫೋನ್ ಬಂತು. ಇವರು ಪ್ರಯಾಣದ ಸುಸ್ತಿಗೆ ಸತ್ತಂತೆ ಮಲಗಿದ್ದರು. ಫೋನ್ ಎತ್ತಿದವರು ಕಾಕು.

“ಇವರ ಕೂಡ ಅಲ್ಲಿ ಕೆಲಸಾ ಮಾಡೂ ಮನಶ್ಯಾ ಹಿಂದಿಯಾಗ ಕೇಳ್ತಾನ, ನಿಮ್ಮ ಮನ್ಯಾಗ ಯಾರ ಬಂದಾರ? ನಾ ಅಂದೆ, ‘ವೋ ಆಯೇ ಹೈಂ’, ಅವ್ರು ಬಂದಾರ ಅಂತ. ಯಾರು? ‘ವೋಚ್’, ಅವ್ರೇ ಅಂತ. ಹೆಸರ ಹೇಳ್ರಿ ಅಂತಾನ. ಗಂಡನ ಹೆಸರ ಹ್ಯಾಂಗ ಹೇಳಬೇಕ ಯವ್ವಾ? ಲಗ್ನದಾಗ ಹೆಸರ ಕೂಡಿಸಿ ಒಡಪ ಹಾಕು ಅಂದಾಗೂ ನಾ ಬಾಯಿ ಬಿಟ್ಟಿಲ್ಲ. ‘ನಮ್ಮ ಮನಿಯವರು’ ಅಂದೆ. ಅಂವಾ ಬಿಡವಲ್ಲ, ನಾ ಹೇಳವಲ್ಲೆ.”

“ಅರ್ಧಾ ದಿವ್ಸ!” ಎಂದರು ಕಾಕಾ. “ಅಲ್ಲಿ ದರ್ಯಾದಾಗ ಅಷ್ಟ ದೊಡ್ಡ ಪಂಖಾ ಅರ್ಧಾ ದಿವ್ಸ ನಿಂತದ, ತುರೋರ್ಯಾಗ ಈಕಿ ಗಂಡನ ಹೆಸರ ಹೇಳವಲ್ಲಳು ಅಂತ. ಕಡೀಕ ನಮ್ಮವ್ವ ಹೊಲದಿಂದ ಬಂದು ಹೇಳಿದಳು, ಆಮ್ಯಾಲ ಕೀಲಿ ಕತ್ತರಿಸಿದ್ರು.”

ಮೂವರೂ ನಕ್ಕೆವು. ಅದೇ ನಗುವಿನಲ್ಲಿ ಕಾಕಾ ಮುಂದಿನದನ್ನೂ ಹೇಳಿದರು.

ಮರುವರ್ಷದ ಮಾತು. ಕಾಕಾ, ಇನ್ನೊಬ್ಬ ಕೂಡಿ ಒಂದು ಕಂಬ ಹತ್ತಿದ್ದರು. ಜೊತೆಗಾರನ ಕೈ ಜಜ್ಜಿತು. ಬೋಟು ಬಂದು ಅವನನ್ನು ಒಯ್ಯಿತು, ಇನ್ನೊಬ್ಬನನ್ನು ಕಳಿಸುತ್ತೇವೆ ಎಂದಿತು. ಅಷ್ಟರಲ್ಲಿ ಮಂಜು ಕವಿಯಿತು. ಸಂಜೆ ಬೋಟು ಉಳಿದ ಕಂಬಗಳಿಂದ ಜನರನ್ನು ಇಳಿಸಿಕೊಳ್ಳುತ್ತಾ ಹೋಯಿತು. ಬೇರೆ ಒಂದು ಕಂಬದಲ್ಲಿ ಪರೀಕ್ಷೆಗೆ ಬಂದ ಹೊರಗಿನವನೊಬ್ಬನಿದ್ದ, ಬೆಳಗಿನ ಲೆಕ್ಕದಲ್ಲಿಲ್ಲದ ಅವನೂ ಹತ್ತಿದ. ಬೋಟಿನವನು ತಲೆ ಎಣಿಸಿದ. ಕಾಕಾ ಇಲ್ಲದಿದ್ದರೂ ಲೆಕ್ಕ ಸರಿ ಬಂತು. ಬೋಟು ದಂಡೆಗೆ ಹೋಯಿತು.

“ನನ್ನ ವಾಕಿ ಬ್ಯಾಟರಿ ಮುಗದಿತ್ತು. ಮ್ಯಾಲ ಇಂಥಾ ಹೊತ್ತಿಗಂತ ಒಂದ ಚೀಲ ಇಟ್ಟಿರ್ತಾರ, ರಗ್ಗು, ನೀರು, ಬಿಸ್ಕೀಟು. ಹೊತ್ಕೊಂಡ ಕೂತೆ. ಮುಂಜಾನಿ ಬರ್ತಾರ, ಎಲ್ಲಿ ಹೋಗ್ತಾರ ಅಂದೆ. ಬಂದ್ರು. ಆದರ ನನಗ ಕರಕೊಂಡ ಹೋಗ್ಲಿಕ್ಕಲ್ಲ, ಪಂಖಾ ಚಾಲೂ ಮಾಡ್ಲಿಕ್ಕಿ. ಅವತ್ತಿಂದ ನನ್ನ ರಜಾ ಇತ್ತು. ಇಂವಾ ಊರಿಗಿ ಹೋಗ್ಯಾನ, ಮತ್ತ ಕೀಲಿಕೈ ಒಯ್ದಾನ ಅಂತ ನಕ್ಕಾರ. ಹೋದ ಸಲ ಫೋನ್ ಮಾಡಿ ಅರ್ಧಾ ದಿವ್ಸ ಹೋಗಿತ್ತಲ್ಲ? ಈ ಸಲ ಯಾರೂ ಫೋನ್ ಮಾಡ್ಲಿಲ್ಲ. ಮ್ಯಾಲೂ ಬರ್ಲಿಲ್ಲ. ಕಟರ್ ಹಚ್ಚಿ ಕತ್ತರಿಸಿದ್ರು.”

ರೆಕ್ಕೆಗಳು ಕೂಡುವ ಕಡೆ ಬಾಗಿ ಅವರು ನಟ್ಟು ಬಿಗಿಯುವ ತಮ್ಮ ಪಾನಾ ಎತ್ತಿಕೊಳ್ಳುತ್ತಿದ್ದರಂತೆ. ಕಾಲ ಕೆಳಗೆ ಕಂಬದ ತುದಿಯ ಇಡೀ ಕೋಣೆ ನರಳಿ ಗಾಳಿಯ ಕಡೆ ಹೊರಳತೊಡಗಿತು. ಹಿಂದಕ್ಕೆ ಹಾರಿ ಗೋಡೆಯ ಕೆಂಪು ಗುಂಡಿ ಒತ್ತಿದರು. ಎಲ್ಲ ನಿಂತಿತು. ಯಾಕೆ ನಿಂತಿತೆಂದು ನೋಡಲು ಮೇಲೆ ಬಂದವನು ಮುಚ್ಚಳ ಎತ್ತಿ ಇವರನ್ನು ಕಂಡು ಅಲ್ಲೇ ಕುಸಿದು ಕುಳಿತನಂತೆ.

“ಒಂದ ಸಲಾ ಮ್ಯಾಲ ಮಾರಿ ಮಾಡಿ ಹೆಸರ ಹಿಡದ ಕರದಿದ್ರ ಸಾಕಿತ್ತು” ಎಂದು ಕಾಕಾ ಇನ್ನೊಂದು ಉಂಡಿ ತೆಗೆದುಕೊಂಡರು. ಆ ಕೀಲಿ ಹೋಯಿತು, ಅದರ ದೊಡ್ಡ ಕೀಲಿಕೈ ಜೇಬಿನಲ್ಲೇ ಉಳಿಯಿತು; ಸಣ್ಣದು ನಮ್ಮ ಮಾಳದ ಬೀಗದ್ದು.

ಕಾಕು ಯಾವಾಗಲೋ ಎದ್ದು ಒಳಗೆ ಹೋಗಿದ್ದರು. ನಾನು ತಾಟು ಇಡಲು ಹೋದಾಗ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದರು. ಒಲೆ ಹೊತ್ತಿಸಿರಲಿಲ್ಲ.

“ಅವ್ರು ನಗಲಿಕ್ಕಿ ಹೇಳ್ತಾರ. ನನಗ ನಗಿ ಬರಂಗಿಲ್ಲ” ಎಂದರು. “ನಾ ಅವತ್ತ ಫೋನಿನ್ಯಾಗ ಬಾಯಿ ಬಿಟ್ಟಿದ್ರ ಅವ್ರು ಎರಡನೇ ಸಲಾನೂ ಫೋನ್ ಮಾಡ್ತಿದ್ರು. ಹೌದಿಲ್ಲ?”

ನಾನು ತಾಟು ಕೆಳಗಿಟ್ಟೆ. ಹೌದು ಎನ್ನಲು ಆಗಲಿಲ್ಲ. ಇಲ್ಲ ಎಂದರೆ ಅವರು ನಂಬುತ್ತಿರಲಿಲ್ಲ.

ಅದಾದ ವಾರವೇ ಇರಬೇಕು, ಕಾಕಾ ನನ್ನ ಡೈರಿಯ ಮೇಲೆ ಬೆರಳಿಟ್ಟರು.

“ಇವತ್ತ ಎಷ್ಟ ಮಂದಿ ಹೋಗಿದ್ರು?”

“ಆರು ಮಂದಿ ಕಾಕಾ.”

“ಎಷ್ಟ ಬಂದ್ರು?”

“ಆರು.”

“ಯಾರ‍್ಯಾರು?”

ಡೈರಿಯಲ್ಲಿ ಗೆರೆಗಳಷ್ಟೇ ಇದ್ದವು, ಹೆಸರಿರಲಿಲ್ಲ.

“ಲೆಕ್ಕಾ ಬಂತು ಅಂದ್ರ ಮನಶ್ಯಾ ಬಂದಂಗಲ್ಲ ಯವ್ವಾ. ನಾಳಿಂದ ಹೆಸರ ಹಿಡದ ಕರಿ.”

ಹಾಗೆ ಸಂಜೆಯ ಕರೆ ಶುರುವಾಯಿತು. ಮೊದಲ ಸಂಜೆಯೇ ತೊಡಕು ಬಂತು. ಹುಡುಗರ ಹೆಸರೆಲ್ಲ ಕರೆದು ಕಡೆಗೆ “ಕಾಕಾ” ಎಂದೆ. ಉತ್ತರವಿಲ್ಲ. ಮತ್ತೆ ಕರೆದೆ. ಕಿಟಕಿಯಿಂದ ನೋಡಿದರೆ ಜೀಪಿನ ಪಕ್ಕದಲ್ಲೇ ವಾಕಿ ಹಿಡಿದು ನಿಂತಿದ್ದಾರೆ. ಹುಡುಗರೆಲ್ಲ ನಗುತ್ತಿದ್ದಾರೆ. ಕೊನೆಗೆ ವಾಕಿಯಲ್ಲಿ ಅಂದರು: “ಕಾಕಾ ಅಂದ್ರ ಉಮರ್ಗಾದಾಗ ಸಾವಿರ ಮಂದಿ ಅದಾರ. ನೀ ಯಾರಿಗಿ ಕರೀಲತ್ತಿ?”

ಅಪ್ಪನ ವಯಸ್ಸಿನವರನ್ನು ಹೆಸರು ಹಿಡಿದು ಹೇಗೆ ಕರೆಯುವುದು? ನಾನು ಕರೆಯುವುದಿಲ್ಲ, ಅವರು ಓ ಅನ್ನುವುದಿಲ್ಲ, ಜೀಪು ಹೊರಡುವುದಿಲ್ಲ. ಹುಡುಗರಿಗೆ ಹಸಿವು. “ಏ ಬಾಯಿ, ಕಾಕೂನಂಗ ಮಾಡಬ್ಯಾಡ, ಮನಿಗಿ ಹೋಗೂದದ” ಎಂದ ಒಬ್ಬ. ಕತೆ ಅವರಿಗೂ ಗೊತ್ತಿತ್ತು. ಕೊನೆಗೆ “ತುರೋರಿ ಕಾಕಾ” ಎಂದೆ. ಮಾಳದ ಮೇಲೆ ತುರೋರಿಯವರು ಅವರೊಬ್ಬರೇ.

“ನಡೀತದ. ಆದರ ಒಂದ ದಿವ್ಸ ನೀ ಹೇಳ್ತಿ” ಎಂದು ಓಗೊಟ್ಟರು.

ಅವರು ಹೋದದ್ದು ಆಷಾಢದ ಒಂದು ಭಾನುವಾರ. ಬೆಳಿಗ್ಗೆ ಅಂಗಳದಲ್ಲಿ ಮುಖ ತೊಳೆಯುತ್ತಾ ಕುಳಿತವರು ಹಾಗೇ ವಾಲಿದರು. ಉಮರ್ಗಾದ ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು. ಸಂಜೆಗೆ ಮಣ್ಣು. ನಾವೆಲ್ಲ ಹೋಗಿದ್ದೆವು. ಎದ್ದು ಕೂತ ಹಾಗೇ ಇದ್ದರು, ಹಣೆಗೆ ವಿಭೂತಿ, ಕೈಯಲ್ಲಿ ಲಿಂಗ.

ಸೋಮವಾರ ಪರದೆಯ ಮುಂದೆ ಕೂತಾಗ ಕಂಡಿತು. ಹನ್ನೊಂದನೆಯ ಪವನಚಕ್ಕಿ ನಿಂತಿದೆ. ಶನಿವಾರ ಅದರ ಒಂದು ಮೋಟಾರು ಬಿಚ್ಚಿ, ಹೊಸದು ಬರಲೆಂದು ಬೀಗ ಹಾಕಿ ಬಂದವರು ಅವರೇ. ಹೊಸ ಮೋಟಾರು ಮಂಗಳವಾರ ಬಂತು. ಹುಡುಗರು ತಮ್ಮ ತಮ್ಮ ಬೀಗ ಹಾಕಿ ಹತ್ತಿದರು, ಕೂಡಿಸಿದರು, ಇಳಿದು ತಮ್ಮ ತಮ್ಮ ಬೀಗ ತೆಗೆದುಕೊಂಡರು. ಒಂದು ಬೀಗ ಉಳಿಯಿತು. ಮಾಳದ ತುಂಬ ಆಷಾಢದ ಗಾಳಿ. ಸಾಲಿನಲ್ಲಿ ಎಲ್ಲ ತಿರುಗುತ್ತಿವೆ, ನಡುವೆ ಅದೊಂದು ಕೈ ಚಾಚಿಕೊಂಡು ನಿಂತಿದೆ.

ಬುಧವಾರ ಸಾಹೇಬರು ಬಂದು ಕಟರ್ ಒಯ್ಯಲು ಹೇಳಿದರು. ನಾನು ಎದ್ದು ನಿಂತೆ.

“ಮೊದಲ ಕರೀಬೇಕ್ರಿ ಸಾಹೇಬರ.”

“ಯಾರಿಗಿ?”

“ಕಾಕಾಗ.”

“ಏ ಬಾಯಿ, ಸತ್ತವರ ಹಾಜರಿ ತಗೋತಿಯೇನ? ಮಣ್ಣಾಗ ನಾವೇ ಇಟ್ಟು ಬಂದೀವಲ್ಲ!”

“ಇಟ್ಟು ಬಂದೀವ್ರಿ. ಅವರಿಗಿ ಒಮ್ಮೆ ಕರೀದೇ ಕೀಲಿ ಕತ್ತರಿಸ್ಯಾರ. ಅದಕ್ಕಂತೇ ಅವ್ರು ನಮಗ ಕರೀಲಿಕ್ಕಿ ಕಲಿಸ್ಯಾರ. ಈಗ ನಾವೂ ಹಂಗೇ ಮಾಡೂದೇನ್ರಿ?”

ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಹೊರಗೆ ನಿಂತ ಹುಡುಗರು ಯಾರೂ ಕಟರ್ ಎತ್ತಿಕೊಂಡಿರಲಿಲ್ಲ.

“ನಾಳಿ ಮುಂಜಾನಿ ಮುಗಸು” ಎಂದು ಹೋದರು.

ಸಂಜೆ ತುರೋರಿಗೆ ಹೋದೆ. ಬಾಗಿಲಲ್ಲಿ ನಿಂತು ನನಗರಿವಿಲ್ಲದೆ “ನಾ ಬಂದೀನಿ” ಅಂದೆ. ಒಳಗೆ ಮಾತಾಡುತ್ತಿದ್ದ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಕಾಕು ಎದ್ದು ಬಂದರು. ಕೀಲಿಕೈಗಳ ಗೊಂಚಲು ಗೂಡಿನಲ್ಲಿತ್ತು.

“ಸಣ್ಣದು ನಿಮ್ಮದು” ಎಂದು ಬಿಡಿಸಿ ಕೊಟ್ಟರು. “ದೊಡ್ಡದಕ್ಕ ಕೀಲಿನೇ ಇಲ್ಲ. ನನ್ನ ಹತ್ರ ಇರ್ಲಿ.”

“ಕಾಕು, ನಾಳಿ ಮ್ಯಾಲ ಹೋಗಿ ಕರೀತೀನಿ. ಆಮ್ಯಾಲ ಮನಿಗಿ ಫೋನ್ ಮಾಡಬೇಕು. ಅವರದೇ ಪದ್ಧತಿ.”

“ಯಾರಿಗಿ ಮಾಡ್ತಿ?”

“ನಿಮಗೇ. ಇಲ್ಲಾಂದ್ರ ಇಲ್ಲಿ ಯಾರರೇ ಹೆಸರ ಹೇಳಿದ್ರೂ ನಡೀತದ.”

ಅವರು ಸೆರಗಿನಿಂದ ಕೀಲಿಕೈ ಒರೆಸಿದರು. “ಹೋದ ಸಲ ಹೆಸರ ಹೇಳ್ಲಿಕ್ಕಿ ಅತ್ತಿ ಇದ್ದಳು” ಎಂದಷ್ಟೇ ಅಂದು ಒಳಗೆ ಹೋದರು.

ಗುರುವಾರ ಬೆಳಿಗ್ಗೆ ನಾನೂ ಹಿರಿಯ ಕೆಲಸಗಾರನೊಬ್ಬನೂ ಹತ್ತಿದೆವು. ಹತ್ತುವ ಟ್ರೇನಿಂಗ್ ನನಗಿದ್ದರೂ ಕಾಕಾ ಒಮ್ಮೆ ಕರೆದೊಯ್ದದ್ದು ಬಿಟ್ಟರೆ ಮೇಲೆ ಹೋದವಳಲ್ಲ. ಆ ಸಲ ಎಲ್ಲರೂ ಕೆಳಗೆ ನೋಡಬೇಡ ಎಂದಿದ್ದರು. ಕಾಕಾ ಮಾತ್ರ “ನೋಡು, ನಿಮ್ಮ ಉದಗೀರ ಆ ದಿಕ್ಕಿಗಿ. ಮನಿ ಯಾವ ಕಡಿ ಅದ ಅಂತ ಗೊತ್ತಿದ್ರ ಅಂಜಿಕಿ ಆಗಂಗಿಲ್ಲ” ಎಂದಿದ್ದರು. ಈ ಸಲ ತುದಿಯ ಕೋಣೆಗೆ ತಲೆ ಹಾಕಿದಾಗ ಕತ್ತಲು, ಎಣ್ಣೆಯ ವಾಸನೆ. ಮೂಲೆಯಲ್ಲಿ ಅವರು ಇಟ್ಟ ಚೀಲ. ನಮ್ಮ ಮಾಳದಲ್ಲಿ ಮಂಜೂ ಇಲ್ಲ, ಬೋಟೂ ಇಲ್ಲ. ಆದರೂ ಒಂದೊಂದು ಪವನಚಕ್ಕಿಯ ತುದಿಯಲ್ಲೂ ಅವರು ಅಂಥ ಚೀಲ ಇಟ್ಟಿದ್ದರು. ರಗ್ಗು, ನೀರಿನ ಬಾಟಲಿ, ಡಬ್ಬಿಯಲ್ಲಿ ಕಡಕ್ ರೊಟ್ಟಿ. ಡಬ್ಬಿ ತೆರೆದು ನೋಡಿದೆ. ರೊಟ್ಟಿ ಒಂದೂ ಮುರಿದಿರಲಿಲ್ಲ.

“ನೀನೇ ಕರಿ. ನನಗ ಆಗಂಗಿಲ್ಲ” ಎಂದ ಜೊತೆಗಾರ, ಮುಖ ತಿರುಗಿಸಿ.

ಮೊದಲು ಬಾಯಿಗೆ ಬಂದದ್ದು ‘ತುರೋರಿ ಕಾಕಾ’. ಅದು ಸಲ್ಲದು. ಉಸಿರು ಎಳೆದುಕೊಂಡು ಹೆಸರು, ಅವರ ತಂದೆಯ ಹೆಸರು, ಅಡ್ಡಹೆಸರು, ಪೂರಾ ಹೇಳಿ ಕೂಗಿದೆ. ಕಬ್ಬಿಣದ ಕೊಳವೆ ನನ್ನ ದನಿಯನ್ನು ಕೆಳಗಿನ ತನಕ ಒಯ್ದು ಬಿಟ್ಟಿತು. ಕರೆದ ಮೇಲೆ ಕಾಯಬೇಕು, ಅದೂ ಪದ್ಧತಿಯೇ. ಕಾದೆ. ಹೊರಗೆ ಗಾಳಿ. ಇನ್ನೊಮ್ಮೆ ಕರೆದೆ. ಮೂರನೆಯ ಸಲ ದನಿ ಸರಿಯಾಗಿ ಬರಲಿಲ್ಲ, ಆದರೂ ಲೆಕ್ಕಕ್ಕೆ ಹಿಡಿದೆ.

ಕೆಳಗಿಳಿದು ಬೀಗದ ಮುಂದೆ ನಿಂತು ತುರೋರಿಗೆ ಫೋನ್ ಹಚ್ಚಿದೆ. ಕಾಕುವೇ ಎತ್ತಿದರು.

“ಕರದ್ಯಾ?”

“ಕರದೆ ಕಾಕು. ಮೂರ ಸಲಾ.”

“ಪೂರಾ ಹೆಸರ ಹಿಡದ?”

“ಪೂರಾ.”

“ಓ ಅಂದ್ರೇನು?”

“ಇಲ್ಲ ಕಾಕು.”

ಆ ಕಡೆ ಹಿತ್ತಿಲಲ್ಲಿ ಎಮ್ಮೆ ಒಮ್ಮೆ ಕೂಗಿತು. ಯಾರೋ ಹೆಂಗಸು ‘ಫೋನ್ ನಾ ಹಿಡೀಲೇನ, ನಾ ಹೇಳ್ಲೇನ’ ಎಂದದ್ದು ಕೇಳಿಸಿತು. ‘ಬ್ಯಾಡ’ ಎಂದರು ಕಾಕು. ನಾನು ಕಾದೆ.

ಆಮೇಲೆ ಅವರು ಗಂಡನ ಹೆಸರು ಹೇಳಿದರು. ಒಂದೊಂದೇ ಅಕ್ಷರ, ಹೊಸದಾಗಿ ಓದು ಕಲಿತವರ ಹಾಗೆ.

“ಮನ್ಯಾಗ ಇಲ್ಲ” ಎಂದರು. “ಅಲ್ಲೂ ಇಲ್ಲ. ಕೀಲಿ ತಗಿ ನನ್ನವ್ವಾ.”